ನನ್ನ ದುಡ್ಡಾಗಿದ್ದರೆ

ಮೂರನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಮುಂದೆ ಹಿಡಿದಿದ್ದ ಇಬ್ಬರು ಆಗಲೇ ಎರಡು ಮೆಟ್ಟಿಲು ಇಳಿದಿದ್ದರು. ಹಿಂದಿನ ಇಬ್ಬರ ಬೆನ್ನು ಗೋಡೆಗೆ ಒತ್ತಿತ್ತು. ಒಂದು ಮೂಲೆ ಕಬ್ಬಿಣದ ಕಂಬಿಗೆ, ಇನ್ನೊಂದು ಮೂಲೆ ಮೀಟರ್ ಬೋರ್ಡಿಗೆ ತಗುಲಿ, ಪೆಟ್ಟಿಗೆ ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

"ನಿಧಾನ, ನಿಧಾನ! ಬೋರ್ಡ್ ಕಿತ್ಕೊಂಡು ಬಂದ್ರೆ ಇಡೀ ಬಿಲ್ಡಿಂಗ್ ಕತ್ತಲಾಗುತ್ತೆ," ಎಂದು ಕೆಳಗಿನಿಂದ ಕೂಗಿದರು ಬೇಕರಿಯವರು. ನೆಲಮಹಡಿಯಲ್ಲಿ ಅವರ ಅಂಗಡಿ. ಅವರ ಒಲೆಗೂ ಅದೇ ಬೋರ್ಡಿನಿಂದ ಕರೆಂಟು.

"ಹೀಗೆ ತಿರುಗಲ್ಲ ಇದು," ಎಂದ ಗ್ರೀಸ್. ಪೆಟ್ಟಿಗೆಯೊಳಗೆ ಹೆಣವಾಗಿ ಮಲಗಿದ್ದ ಲಿಫ್ಟ್ ಮೇಸ್ತ್ರಿಯ ಕೈಕೆಳಗೆ ಜೀವಮಾನವೆಲ್ಲ ಕೆಲಸ ಮಾಡಿ ತಲೆ ನರೆತವನು. ಹುಡುಗನಾಗಿದ್ದಾಗ ಗ್ರೀಸ್ ಹಚ್ಚುತ್ತಿದ್ದುದಕ್ಕೆ ಬಂದ ಹೆಸರು. ಈಗಲೂ ಅವನನ್ನು ಎಲ್ಲರೂ ಕರೆಯುವುದು ಹಾಗೆಯೇ. "ನಿಲ್ಲಿಸ್ಬೇಕು."

"ಯಾರನ್ನ?"

"ಮೇಸ್ತ್ರಿನ. ಬೀರು ಇಳಿಸ್ತೀವಲ್ಲ, ಹಾಗೆ. ನೆಟ್ಟಗೆ ನಿಲ್ಲಿಸಿ, ಒಂದು ಸುತ್ತು ತಿರುಗಿಸಿ, ಮತ್ತೆ ಮಲಗಿಸೋದು."

ಮೆಟ್ಟಿಲಿನ ಪಕ್ಕದಲ್ಲೇ ಜಾಲರಿಯ ಹಿಂದೆ ಲಿಫ್ಟಿನ ಬಾವಿ. ಜಾಲರಿಗೆ ಕಟ್ಟಿದ್ದ ರಟ್ಟಿನ ಮೇಲೆ ಮೇಸ್ತ್ರಿಯದೇ ಅಕ್ಷರ: 'ಲಿಫ್ಟ್ ಕೆಟ್ಟಿದೆ.' ರಟ್ಟಿನ ಅಂಚು ಹಳದಿಯಾಗಿತ್ತು.

"ಊರಿನ ಲಿಫ್ಟೆಲ್ಲ ರಿಪೇರಿ ಮಾಡಿದ ಮನುಷ್ಯ," ಎಂದರು ಬೇಕರಿಯವರು, ತಡೆಯಲಾರದೆ. "ಹೋಗೋ ದಿನ ಮೆಟ್ಟಿಲೇ ಗತಿ."

"ಅವರೇ ತಾನೆ ಬೇಡ ಅಂದಿದ್ದು. ನಾವು ಮಾಡಿಸ್ತೀವಿ ಅಂತಾನೇ ಹೋಗಿದ್ವಿ," ಎಂದರು ಎರಡನೇ ಮಹಡಿಯ ಮನೆಯೊಡತಿ, ಬಾಗಿಲಲ್ಲಿ ನಿಂತು. "ಮೇಸ್ತ್ರಿಯೇ ಹಂಗಂದ ಮೇಲೆ ಬಿಲ್ಡಿಂಗ್ ಸಂಘದಲ್ಲಿ ಮತ್ತೆ ಯಾರು ಮಾತಾಡ್ತಾರೆ?"

ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಒಳಗೆ ಏನೋ ಕೆಳಕ್ಕೆ ಜರುಗಿದ ಸದ್ದಾಯಿತು. ನಾಲ್ಕು ಮೆಟ್ಟಿಲು ಮೇಲೆ ನಿಂತಿದ್ದ ಮೇಸ್ತ್ರಿಯ ಮಗಳಿಗೆ ಅದು ಕೇಳಿಸಿತು. ಅವಳು ನರ್ಸು, ಹೆಣಗಳನ್ನು ಕಂಡವಳು. ಆದರೂ ಅಮ್ಮನ ಭುಜ ಹಿಡಿದುಕೊಂಡಳು.

ಅಮ್ಮನ ತಮ್ಮ, ನಗರಸಭೆಯ ಮೆಂಬರು, ಇದೇ ಸಮಯವೆಂದುಕೊಂಡು ಹತ್ತಿರ ಬಂದ. "ಅಕ್ಕ, ಗೋರಿ ಕಲ್ಲಿನವನು ಸ್ಮಶಾನದಲ್ಲೇ ಕಾಯ್ತಿದಾನೆ. ಭಾವನ ಮಾತು ಹಾಕೋದಾ, ಬೇಡ್ವಾ? ಈಗಾದ್ರೂ ಹೇಳು."

"ಹೆಸರು ಸಾಕು ಅಂದೆನಲ್ಲ."

"ದೇಶವೇ ಕೇಳಿದ ಮಾತು ಅಕ್ಕ ಅದು."

"ಅಮ್ಮ, ಯಾಕೆ ಬೇಡ ಅಂತಿದೀಯ?" ಎಂದಳು ಮಗಳು. ನಿನ್ನೆಯಿಂದ ಅವಳು ಕೇಳುತ್ತಿದ್ದುದು ಇದೊಂದೇ. "ಅಪ್ಪ ಅಂದ್ರೆ ಆ ಮಾತೇ. ಬೇರೆ ಏನು ಬರೆಸ್ತೀಯ?"

"ಬೇಡ ಅಂದ್ರೆ ಬೇಡ. ಮೊದಲು ಅವರನ್ನ ಕೆಳಗಿಳಿಸಿ."

"ಅಲ್ಲಾ ಮೆಂಬರೇ," ಎಂದರು ಬೇಕರಿಯವರು, "ಗೋರಿ ಕಲ್ಲಿನ ಮೇಲೆ 'ನನ್ನ ದುಡ್ಡಾಗಿದ್ದರೆ ಮಾಡಿಸುತ್ತಿರಲಿಲ್ಲ' ಅಂತ ಬರೆಸಿದ್ರೆ, ಗೊತ್ತಿಲ್ಲದವರು ಕಲ್ಲಿನ ಬಗ್ಗೆನೇ ಹೇಳಿದ್ದು ಅಂದ್ಕೊಳ್ಳಲ್ವಾ?"

ಪೆಟ್ಟಿಗೆ ಹಿಡಿದವರಲ್ಲಿ ಒಬ್ಬ ಕಿಸಕ್ಕನೆ ನಕ್ಕು ಸುಮ್ಮನಾದ.

"ಗೊತ್ತಿಲ್ಲದವರು ಯಾರಿದ್ದಾರೆ ರೀ?" ಎಂದ ಮೆಂಬರು ಸಿಟ್ಟಿನಿಂದ.

ಅಷ್ಟರಲ್ಲಿ ಕೆಳಗಿನಿಂದ ಒಬ್ಬ ವಯಸ್ಸಾದ ಹೆಂಗಸು ಕಂಬಿ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ಉಸಿರು ತೆಗೆದುಕೊಳ್ಳುತ್ತ ಹತ್ತಿ ಬಂದರು. ತಿರುವಿನಲ್ಲಿ ತಲೆ ಎತ್ತಿದಾಗ ಎದುರಿಗೆ ಪೆಟ್ಟಿಗೆ ನೆಟ್ಟಗೆ ನಿಂತಿತ್ತು. ಅವರೂ ನಿಂತರು.

"ಟೀಚರ್," ಎಂದಳು ಅಮ್ಮ, ಮೇಲಿನಿಂದ. ಆ ದನಿಯಲ್ಲಿ ಸ್ವಾಗತಕ್ಕಿಂತ ಹೆದರಿಕೆ ಹೆಚ್ಚಿತ್ತು.

ಟೀಚರ್ ಪೆಟ್ಟಿಗೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. "ಸೂಟಿನ ಅಳತೆ ತಗೊಳ್ಳೋವಾಗ ಹೀಗೇ ನಿಂತಿದ್ರು," ಎಂದರು. ಆಮೇಲೆ ದಾರಿ ಬಿಡಲು ಗೋಡೆಗೆ ಸರಿದರು.

*

ಅಂತರಿಕ್ಷ ಇಲಾಖೆ ಜನಸಾಮಾನ್ಯರಿಗೆಂದು ಎರಡು ಸೀಟು ತೆಗೆದಿಟ್ಟಿದೆ ಎಂಬ ಸುದ್ದಿ ಬಂದಾಗ ಮಗಳು ಪ್ರೈಮರಿ ಶಾಲೆಯಲ್ಲಿದ್ದಳು. ಒಂದು ಸೀಟು ಪಾಠ ಹೇಳುವವರಿಗೆ, ಇನ್ನೊಂದು ಕೈಕೆಲಸದವರಿಗೆ. ಭೂಮಿಯನ್ನು ಸುತ್ತುತ್ತಿದ್ದ ನಿಲ್ದಾಣದಲ್ಲಿ ಒಂದು ವಾರ ಇದ್ದು ಬರುವುದು. ಅರ್ಜಿ ಹಾಕಿದವರು ಲಕ್ಷಗಟ್ಟಲೆ. ಚೀಟಿ ಎತ್ತಿ, ಆರೋಗ್ಯ ಪರೀಕ್ಷೆ ಮಾಡಿ, ಮತ್ತೆ ಚೀಟಿ ಎತ್ತಿ, ಕೊನೆಗೆ ಉಳಿದ ಇಬ್ಬರು ಒಬ್ಬ ಶಾಲಾ ಶಿಕ್ಷಕಿ, ಒಬ್ಬ ಲಿಫ್ಟ್ ಮೇಸ್ತ್ರಿ.

ಬೀದಿಗೆ ಹಬ್ಬವಾಯಿತು. ಮೇಸ್ತ್ರಿ ತರಬೇತಿಯಿಂದ ರಜೆಗೆ ಬಂದಾಗಲೆಲ್ಲ ಬೇಕರಿಯ ಮುಂದೆ ಜನ ಸೇರುತ್ತಿದ್ದರು. ಅಲ್ಲಿ ಮಲಗೋದು ಹೇಗೆ, ಗೋಡೆಗೆ ಕಟ್ಟಿ ಹಾಕ್ತಾರಾ? ಬೆವರಿದರೆ ಬೆವರು ಎಲ್ಲಿಗೆ ಹೋಗುತ್ತೆ? ಸತ್ತರೆ ಹೆಣ ವಾಪಸ್ ತರ್ತಾರಾ, ಅಲ್ಲೇ ಬಿಡ್ತಾರಾ? ಎಲ್ಲದರ ಕೊನೆಗೆ ಬರುವ ಪ್ರಶ್ನೆ ಒಂದೇ: ಒಟ್ಟು ಖರ್ಚೆಷ್ಟು?

ಪತ್ರಿಕೆಯವರು ಖರ್ಚನ್ನು ಪ್ರಯಾಣಿಕರ ತೂಕದಿಂದ ಭಾಗಿಸಿ ಪ್ರಕಟಿಸಿದ್ದರು. ಬೇಕರಿಯವರು ಅದನ್ನು ಕತ್ತರಿಸಿ ಗಾಜಿನ ಪೆಟ್ಟಿಗೆಗೆ ಅಂಟಿಸಿದ್ದರು. "ಮೇಸ್ತ್ರಿ, ನಿನ್ನ ಒಂದೊಂದು ಕೆಜಿಗೆ ಒಂದೊಂದು ಮನೆ ಕಟ್ಟಬಹುದಂತೆ ಕಣಯ್ಯಾ. ಎರಡು ಕೆಜಿ ಇಳಿಸ್ಕೊಂಡು ನನಗೊಂದು, ನಿನಗೊಂದು ಕೊಡಿಸ್ಬಾರ್ದಾ?"

"ನಿಮ್ಮ ಬನ್ನು ತಿಂದೇ ಏರಿದ ತೂಕ," ಎನ್ನುತ್ತಿದ್ದ ಮೇಸ್ತ್ರಿ. "ಅರ್ಧ ಮನೆ ನಿಮ್ಮದೇ ಬಿಡಿ."

ಮಗಳು ಕೇಳಿದ್ದು ಬೇರೆ. ಅಲ್ಲಿ ಹೇಗಿರುತ್ತೆ ಅಪ್ಪ? ವಿಮಾನವನ್ನು ಎತ್ತರಕ್ಕೆ ಒಯ್ದು ಕೆಳಕ್ಕೆ ಬಿಟ್ಟು, ಕೆಲವು ಸೆಕೆಂಡು ಭಾರವೇ ಇಲ್ಲದಂತೆ ಮಾಡುವ ತರಬೇತಿ ಆಗಷ್ಟೇ ಮುಗಿದಿತ್ತು. ಅಪ್ಪ ಅವಳನ್ನು ಈ ಕಟ್ಟಡದ ಲಿಫ್ಟಿಗೆ ಕರೆದುಕೊಂಡು ಹೋಗಿ ಐದನೇ ಮಹಡಿಯಿಂದ ಕೆಳಗಿನ ಗುಂಡಿ ಒತ್ತಿದ. "ಹೊರಟ ಕ್ಷಣ ಹೊಟ್ಟೆಯಲ್ಲಿ ಒಂಥರಾ ಆಯ್ತಲ್ಲ, ಅದೇ. ಆದ್ರೆ ಇಲ್ಲಿ ಆಗಿ ಹೋಗಿಬಿಡುತ್ತೆ. ಅಲ್ಲಿ ಹೋಗಲ್ಲ. ಹಂಗೇ ಇರುತ್ತೆ." ಹೇಳುವಾಗ ಅವನ ಮುಖದಲ್ಲಿದ್ದುದನ್ನು ಮಗಳು ಆಮೇಲೆ ಯಾರ ಮುಖದಲ್ಲೂ ಕಾಣಲಿಲ್ಲ.

ಅವನು ಎರಡನೇ ಸುತ್ತಿನ ತರಬೇತಿಗೆ ಹೋಗಿದ್ದಾಗ ದೊಡ್ಡಾಸ್ಪತ್ರೆಯ ಲಿಫ್ಟು ನಿಂತಿತು. ಅದರ ಉಸ್ತುವಾರಿ ಅವನದೇ. ಬದಲಿಗೆ ಬಂದವನಿಗೆ ಆ ಹಳೇ ಯಂತ್ರದ ಪರಿಚಯವಿರಲಿಲ್ಲ. ಕಟ್ಟಡ ಕೆಲಸದಲ್ಲಿ ಬಿದ್ದು ಬಂದಿದ್ದ ಒಬ್ಬ ಯುವಕನನ್ನು ನಾಲ್ಕನೇ ಮಹಡಿಯ ಆಪರೇಷನ್ ಕೋಣೆಗೆ ಸ್ಟ್ರೆಚರಿನಲ್ಲಿ ಮೆಟ್ಟಿಲೇರಿಸಿ ಒಯ್ಯುತ್ತಿದ್ದಾಗ ಅವನ ಉಸಿರು ನಿಂತಿತು. ಮರುದಿನದ ತಲೆಬರಹ: 'ಲಿಫ್ಟ್ ಮೇಸ್ತ್ರಿ ಆಕಾಶಕ್ಕೆ, ರೋಗಿ ಮೆಟ್ಟಿಲಿಗೆ.'

ಅದುವರೆಗೆ ಖರ್ಚೆಷ್ಟು ಎಂದು ಕುತೂಹಲಕ್ಕೆ ಕೇಳುತ್ತಿದ್ದವರು ಈಗ ಸಿಟ್ಟಿನಿಂದ ಕೇಳತೊಡಗಿದರು. ಸರ್ಕಾರ ಒಂದು ಪರಿಶೀಲನಾ ಸಮಿತಿ ನೇಮಿಸಿತು. ಸಮಿತಿಯು ವಿಜ್ಞಾನಿಗಳನ್ನು, ಲೆಕ್ಕಿಗರನ್ನು ವಿಚಾರಿಸಿ, ಕೊನೆಗೆ ಮೇಸ್ತ್ರಿಯನ್ನೂ ಟೀಚರನ್ನೂ ಕರೆಸಿತು. ಕಲಾಪ ಟೀವಿಯಲ್ಲಿ ನೇರವಾಗಿ ಬರುತ್ತಿತ್ತು.

ಅಧ್ಯಕ್ಷರು ಕೇಳಿದರು: "ಇಷ್ಟೆಲ್ಲ ಖರ್ಚು ಮಾಡಿ ನಿಮ್ಮನ್ನ ಮೇಲಕ್ಕೆ ಕಳಿಸಬೇಕಾ? ಒಬ್ಬ ಕೆಲಸಗಾರನಾಗಿ ಹೇಳಿ."

ಮೇಸ್ತ್ರಿ ಎದ್ದು ನಿಂತ. "ನನ್ನ ದುಡ್ಡಾಗಿದ್ರೆ ಮಾಡಿಸ್ತಿರಲಿಲ್ಲ," ಎಂದ. ಜೇಬಿನಿಂದ ಕರವಸ್ತ್ರ ತೆಗೆದು ಎರಡೂ ಕೈ ಒರೆಸಿಕೊಂಡ. ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಆಕಾಶದಿಂದ ಕೈ ತೊಳೆದುಕೊಂಡವನು ಎಂದು ಪತ್ರಿಕೆಗಳು ಆ ಚಿತ್ರವನ್ನೇ ಮುಖಪುಟದಲ್ಲಿ ಹಾಕಿದವು. ವಾರ ಕಳೆಯುವುದರೊಳಗೆ ಯೋಜನೆ ರದ್ದಾಯಿತು. ಉಳಿದ ಹಣ ಆಸ್ಪತ್ರೆಗಳಿಗೆ ಎಂದು ಘೋಷಣೆಯಾಯಿತು. ದೊಡ್ಡಾಸ್ಪತ್ರೆಯ ಹೊಸ ಕಟ್ಟಡಕ್ಕೆ ಕಂಬಗಳು ಎದ್ದವು, ಲಿಫ್ಟಿಗೆಂದು ಬಾವಿಯಂಥ ಗೋಡೆ ಎದ್ದಿತು. ಅಲ್ಲಿಗೆ ನಿಂತಿತು. ಆ ಕಂಬಗಳನ್ನು ಕಿಟಕಿಯಿಂದ ನೋಡುತ್ತ ಮಗಳು ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಹೆಚ್ಚಿನ ಸಂಬಳದ ಕಡೆಗಳಿಂದ ಎರಡು ಸಲ ಕರೆ ಬಂದಾಗಲೂ ಹೋಗಲಿಲ್ಲ. ಅಪ್ಪ ಆಕಾಶವನ್ನೇ ಬಿಟ್ಟುಕೊಟ್ಟ ಆಸ್ಪತ್ರೆ ಅದು. ತಾನು ಅದನ್ನು ಹೇಗೆ ಬಿಡುವುದು?

*

ಸ್ಮಶಾನದಲ್ಲಿ ಇವರಿಗಿಂತ ಮೊದಲು ಬಂದಿದ್ದವರದು ಇನ್ನೂ ಮುಗಿದಿರಲಿಲ್ಲ. ತಗಡಿನ ಚಾವಣಿಯ ಕೆಳಗೆ ಸಿಮೆಂಟ್ ಬೆಂಚುಗಳ ಮೇಲೆ ಎಲ್ಲರೂ ಕೂತರು. ಸತ್ತವನ ಗುಣಗಾನ ಬೇಗನೆ ಮುಗಿಯಿತು. ಮಾತು ಆಕಾಶಕ್ಕೆ ಹೋಯಿತು.

"ಮೊನ್ನೆ ಒಬ್ಬ ಸಾಹುಕಾರ ಹೋಗಿ ಬಂದನಂತಲ್ಲ ಟೀಚರ್, ಸ್ವಂತ ರಾಕೆಟ್‌ನಲ್ಲಿ," ಎಂದರು ಬೇಕರಿಯವರು. "ಹತ್ತು ನಿಮಿಷ. ನನ್ನ ಒಲೆ ಕಾಯೋದಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು."

"ಆ ದುಡ್ಡಲ್ಲಿ ಎಷ್ಟು ಶಾಲೆ ಕಟ್ಟಬಹುದಿತ್ತು," ಎಂದರು ಎರಡನೇ ಮಹಡಿಯ ಮನೆಯೊಡತಿ.

"ಅವನ ದುಡ್ಡು, ಅವನ ಹತ್ತು ನಿಮಿಷ. ನಿಮಗೇನು ಕಷ್ಟ?"

"ಅವನ ದುಡ್ಡಾದ್ರೆ ಸರಿ, ನಮ್ಮದಾದ್ರೆ ತಪ್ಪು. ಎರಡರಲ್ಲೂ ನಾವಂತೂ ಹೋಗಲ್ಲ."

"ನಿಮ್ಮನ್ನ ಕಳಿಸೋಕೆ ಎರಡು ರಾಕೆಟ್ ಬೇಕು ಬಿಡ್ರೀ."

ಮನೆಯೊಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಬೇಕರಿಯವರು ಟೀಚರ ಕಡೆಗೆ ಬಾಗಿ ದನಿ ತಗ್ಗಿಸಿದರು. "ಅದಿರ್ಲಿ ಟೀಚರ್, ಅಂದಿನಿಂದ ಕೇಳಬೇಕು ಅಂದ್ಕೊಂಡಿದ್ದೆ. ಅಲ್ಲಿ ಒಂದಕ್ಕೆ, ಎರಡಕ್ಕೆ..."

"ಎಲ್ಲಾನೂ ಹೀರಿಕೊಳ್ಳೋ ಕೊಳವೆ ಇರುತ್ತೆ," ಎಂದರು ಟೀಚರ್. "ಮಕ್ಕಳು ಮೊದಲು ಕೇಳೋದು ಅದನ್ನೇ. ದೊಡ್ಡವರು ಮೊದಲು ಖರ್ಚು ಕೇಳಿ, ಆಮೇಲೆ ಅದನ್ನ ಕೇಳ್ತಾರೆ."

ಮೆಂಬರು ಎದ್ದು ಬಂದ. "ಟೀಚರ್, ಮಣ್ಣು ಮಾಡೋ ಮುಂಚೆ ನೀವೆರಡು ಮಾತಾಡಬೇಕು. ಜೊತೆಗಿದ್ದವರು ನೀವೊಬ್ಬರೇ. ಭಾವನ ತ್ಯಾಗದ ಬಗ್ಗೆ."

"ಯಾವ ತ್ಯಾಗ?"

"ಅದೇ, ಆಸ್ಪತ್ರೆಗೋಸ್ಕರ ಸೀಟು ಬಿಟ್ಟುಕೊಟ್ಟಿದ್ದು."

"ಅವರು ಬಿಟ್ಟುಕೊಡಲಿಲ್ಲ," ಎಂದುಬಿಟ್ಟರು ಟೀಚರ್. ಕೂಡಲೇ ಅಮ್ಮನ ಕಡೆ ನೋಡಿದರು. ಅಮ್ಮ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಮೆಂಬರಿಗೆ ಅಷ್ಟರಲ್ಲಿ ಫೋನು ಬಂತು. ಅವನು ಆಚೆ ಹೋದ.

ಮಗಳು ಟೀಚರ ಕೈ ಹಿಡಿದು ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಗ್ರೀಸ್ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ.

"ಟೀಚರ್, ಏನದು? ಅಪ್ಪ ಹೆದರಿದ್ರಾ? ಹೆದರಿ ಹಂಗಂದ್ರಾ?"

"ಅಯ್ಯೋ, ಹೆದರೋದಾ! ತರಬೇತಿಯಲ್ಲಿ ಗಿರಗಿರ ತಿರುಗಿಸೋ ಯಂತ್ರದಲ್ಲಿ ಕೂರಿಸಿದಾಗ ನಾನು ವಾಂತಿ ಮಾಡ್ಕೊಂಡೆ, ಅವರು ಅದರ ಬೇರಿಂಗ್ ಸದ್ದು ಸರಿಯಿಲ್ಲ ಅಂತ ಹೇಳಿ ಇಳಿದು ಬಂದ್ರು. ಅವರಷ್ಟು ಆಸೆ ನನಗೂ ಇರಲಿಲ್ಲಮ್ಮ." ಟೀಚರ್ ನಲ್ಲಿಯ ಕಟ್ಟೆಯ ಮೇಲೆ ಕೂತರು. "ಅವತ್ತು ಸಮಿತಿ ಮುಗಿದ ಮೇಲೆ ಕಾರಿಡಾರ್‌ನಲ್ಲಿ ನನ್ನ ಪಕ್ಕ ಬಂದು ಕೂತರು. ನಾನು ಮುಖ ತಿರುಗಿಸಿದೆ. ನನ್ನ ಸೀಟೂ ಹೋಯ್ತಲ್ಲ, ಸಿಟ್ಟು. ಅವರು ಕೇಳ್ತಾರೆ: 'ಟೀಚರ್, ಅವರು ಯಾವಾಗ ಹೇಳ್ತಾರಂತೆ?' ಏನನ್ನ ಅಂದೆ. 'ಅದೇ, ಪರವಾಗಿಲ್ಲ ಮಾಡಿ ಅಂತ.' ತಮಾಷೆ ಮಾಡ್ತಿದಾರೆ ಅಂದ್ಕೊಂಡೆ. ಅಷ್ಟರಲ್ಲಿ ಒಬ್ಬ ಗುಮಾಸ್ತ ಬಂದು, ನೀವಿಬ್ಬರೂ ಇನ್ನು ಹೊರಡಬಹುದು ಅಂದ. ಆಗ ಅವರ ಮುಖ ನೋಡಿದೆ. ತಮಾಷೆ ಆಗಿರಲಿಲ್ಲ."

"ಅಂದ್ರೆ?"

ಉತ್ತರ ಹೇಳಿದವನು ಗ್ರೀಸ್, ತಲೆ ಎತ್ತದೆ. "ಅಂದ್ರೆ ಏನು ಬಂತು ತಾಯಿ. ಕೆಲಸಕ್ಕೆ ಮುಂಚೆ ಹೇಳೋ ಮಾತಲ್ವಾ ಅದು."

*

ಮೇಸ್ತ್ರಿ ಕೆಲಸ ಕಲಿತದ್ದು ಒಬ್ಬ ಹಳೇ ಮೇಸ್ತ್ರಿಯ ಹತ್ತಿರ. ಆತ ಮೊದಲ ದಿನ ಕಲಿಸಿದ್ದು ಸ್ಪ್ಯಾನರ್ ಹಿಡಿಯುವುದನ್ನಲ್ಲ. ಲಿಫ್ಟ್ ಅಂದರೆ ಬಿಚ್ಚಿದ ಮೇಲೆ ಖರ್ಚು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಬಿಚ್ಚಿದವನಿಗೂ ಗೊತ್ತಿರುವುದಿಲ್ಲ. ಆಮೇಲೆ ಮಾಲೀಕ, ನೀನೇ ಹೇಳಿದೆ ಅಂತ ಮಾಡಿಸಿದೆ, ಎಂದು ಅಂಗಿ ಹಿಡಿಯುತ್ತಾನೆ. ಆದ್ದರಿಂದ ಸಾಮಾನಿನ ಪೆಟ್ಟಿಗೆ ತೆರೆಯುವ ಮುಂಚೆ ಹೇಳಬೇಕು: ನನ್ನ ದುಡ್ಡಾಗಿದ್ರೆ ಮಾಡಿಸ್ತಿರಲಿಲ್ಲ. ಹೇಳಿ, ಕೈ ಒರೆಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಬೇಡದವನು ಬೇಡ ಎನ್ನುತ್ತಾನೆ. ಬೇಕಾದವನು, ಪರವಾಗಿಲ್ಲ, ಮಾಡಿ, ಎನ್ನುತ್ತಾನೆ. ಅಲ್ಲಿಂದ ಮುಂದೆ ಕೆಲಸ ಅವನದು, ಖರ್ಚೂ ಅವನದು.

ಗ್ರೀಸ್ ನೋಡಿದ ಮಟ್ಟಿಗೆ ಬೇಡ ಎಂದವರು ಅಪರೂಪ. ಐದು ಮಹಡಿ ಹತ್ತಿ ಇಳಿದು ಮಂಡಿ ನೋಯಿಸಿಕೊಂಡವರೇ ಮೇಸ್ತ್ರಿಯನ್ನು ಕರೆಸುತ್ತಿದ್ದುದು. "ಪರವಾಗಿಲ್ಲ, ಮಾಡಿ" ಎಂದು ಕೇಳಿದ ಕೂಡಲೇ ಮೇಸ್ತ್ರಿಯ ಮುಖ ಅರಳುತ್ತಿತ್ತು. ಕರವಸ್ತ್ರ ಹೆಗಲಿಗೆ ಹಾಕಿ ಪೆಟ್ಟಿಗೆ ತೆರೆಯುತ್ತಿದ್ದ. ಕೆಲಸ ದೊಡ್ಡದಾದಷ್ಟೂ ಆ ಮೊದಲ ಮಾತನ್ನು ಒತ್ತಿ ಹೇಳುತ್ತಿದ್ದ. ತನಗೆ ಬಹಳ ಆಸೆಯಿದ್ದ ಕೆಲಸಕ್ಕೆ ಇನ್ನೂ ಒತ್ತಿ ಹೇಳುತ್ತಿದ್ದ.

ಸಮಿತಿಯ ಅಧ್ಯಕ್ಷರು ಒಬ್ಬ ಕೆಲಸಗಾರನಾಗಿ ಹೇಳಿ ಎಂದು ಕೇಳಿದರು. ಅವನು ಕೆಲಸಗಾರನಾಗಿ ಹೇಳಿದ. ಕೈ ಒರೆಸಿಕೊಂಡು ಹಿಂದೆ ಸರಿದು ನಿಂತ. ಚಪ್ಪಾಳೆ ನಿಲ್ಲಲಿ, ಆಮೇಲೆ ಹೇಳುತ್ತಾರೆ, ಎಂದು ಕಾದ.

ಅದಾದ ಮೇಲೆ ಅವನ ಕೆಲಸವೂ ಕಡಿಮೆಯಾಯಿತು. ದೇಶಕ್ಕೇ ದುಡ್ಡು ಉಳಿಸಿಕೊಟ್ಟವನು ಬೇಡ ಎಂದರೆ ಬೇಡವೇ, ಎಂದು ಮಾಲೀಕರು ತಲೆಯಾಡಿಸಿ, ಕೈ ಮುಗಿದು, ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತಿದ್ದರು. ಮಾತು ಬದಲಿಸಿ ಮೇಸ್ತ್ರಿ, ಎಂದ ಗ್ರೀಸ್. ಮೇಸ್ತ್ರಿ ಬದಲಿಸಿಯೂ ನೋಡಿದ. ಅವನಿದ್ದ ಕಟ್ಟಡದ ಸಂಘದವರು ಲಿಫ್ಟಿನ ವಿಷಯಕ್ಕೆ ಬಂದಾಗ ಬಾಯಿ ಬಿಗಿಹಿಡಿದು ಕೂತಿದ್ದ. ಕಾರ್ಯದರ್ಶಿಯೇ ನಗುತ್ತ, "ನಿಮ್ಮ ಆ ಮಾತು ಒಂದ್ಸಲ ಹೇಳಿಬಿಡಿ ಸಾರ್, ಮಕ್ಕಳು ಕೇಳ್ಲಿ," ಎಂದ. ಮಕ್ಕಳು ಎದುರಿಗೆ ಕೂತಿದ್ದರು. ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿ ಎದ್ದು ಹೋದರು. ಆ ಸಂಜೆ ಅವನೇ ರಟ್ಟು ಹುಡುಕಿ ಬರೆದು ಜಾಲರಿಗೆ ಕಟ್ಟಿದ.

*

ಮಗಳು ಚಾವಣಿಯ ಕೆಳಗೆ ವಾಪಸು ಬಂದು ಅಮ್ಮನ ಪಕ್ಕ ಕೂತಳು.

"ನಿನಗೆ ಗೊತ್ತಿತ್ತು."

"ಹೂಂ."

"ಅಪ್ಪ ಯಾಕೆ ಹೇಳಲಿಲ್ಲ? ಫೋನ್ ಮಾಡಿ ಹೇಳಬಹುದಿತ್ತು. ಪತ್ರಿಕೆಯವರು ದಿನಾ ಮನೆ ಮುಂದೇ ಇದ್ರು."

"ಹೇಳ್ತೀನಿ ಅಂತಾನೇ ಹೊರಟಿದ್ರು. ಚೀಲ ಕಟ್ಟಿಟ್ಟಿದ್ದು ಹಂಗೇ ಇತ್ತು, ಬಿಚ್ಚಬೇಡ ಅಂದಿದ್ರು. ಬೆಳಗ್ಗೆ ಬೂಟು ಹಾಕ್ಕೊಳ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯ್ತು." ಅಮ್ಮ ಎದುರಿನ ಗೋಡೆ ನೋಡುತ್ತ ಮಾತಾಡುತ್ತಿದ್ದಳು. "ಮೆಟ್ಟಿಲಲ್ಲಿ ಸತ್ತನಲ್ಲ ಆ ಹುಡುಗ, ಅವನ ತಾಯಿ. ಬೈಯೋಕೆ ಬಂದ್ಲು ಅಂದ್ಕೊಂಡೆ. ಬಂದವಳು ನಿಮ್ಮಪ್ಪನ ಎರಡೂ ಕೈ ಹಿಡ್ಕೊಂಡು ಕಣ್ಣಿಗೊತ್ಕೊಂಡ್ಲು. 'ನನ್ನ ಮಗನಿಗೋಸ್ಕರ ಯಾರೂ ಬಾಯಿ ಬಿಡಲಿಲ್ಲ, ನೀವೊಬ್ಬರು ಬಿಟ್ರಿ' ಅಂದ್ಲು. ಅವಳು ಹೋದ ಮೇಲೆ ಇವರು ಬೂಟು ಬಿಚ್ಚಿದ್ರು."

"ನನಗಾದ್ರೂ ಹೇಳಬಹುದಿತ್ತು."

"ನೀನು ನರ್ಸಾಗ್ತೀನಿ ಅಂತ ಬಂದು ನಿಂತೆ. ಅದೇ ಆಸ್ಪತ್ರೆಗೇ ಹೋಗ್ತೀನಿ ಅಂದೆ. ಆಗ ಹೇಳೋದಾ?"

ಹೊರಗೆ ಮೆಂಬರು ಕೈ ಬೀಸಿದ. ಇವರ ಸರದಿ ಬಂದಿತ್ತು.

ಗುಂಡಿಯ ಪಕ್ಕದಲ್ಲಿ ಗೋಣಿಚೀಲ ಹೊದಿಸಿದ ಕಲ್ಲು ಮಲಗಿತ್ತು. ಮಗಳು ನೇರವಾಗಿ ಮೆಂಬರ ಹತ್ತಿರ ಹೋದಳು. "ಮಾವ, ಆ ಮಾತು ಬೇಡ. ಅಮ್ಮ ಹೇಳಿದ ಹಾಗೆ ಹೆಸರು ಸಾಕು."

"ಬೆಳಗ್ಗೆ ಬೇಕು ಅಂತಿದ್ದವಳು ನೀನೇ ಅಲ್ವೇನೆ?"

"ಈಗ ಬೇಡ."

ಮೆಂಬರು ಕತ್ತು ತುರಿಸಿಕೊಂಡ. "ಕೆತ್ತಿಯಾಗಿದೆ ಕಣೇ."

"ಯಾವಾಗ? ಈಗ ತಾನೆ ಅಮ್ಮನ್ನ ಕೇಳ್ತಿದ್ರಿ."

"ಹೋದ ವಾರ."

"ಹೋದ ವಾರ ಅಪ್ಪ ವಾರ್ಡಿನಲ್ಲಿ ಉಸಿರಾಡ್ತಿದ್ರು, ಮಾವ. ನಾನೇ ಡ್ಯೂಟಿಯಲ್ಲಿದ್ದೆ."

"ಕಲ್ಲು ಕೆತ್ತೋಕೆ ಟೈಮ್ ಬೇಡ್ವಾ? ಡಾಕ್ಟರು ಕೈ ಚೆಲ್ಲಿದ್ದು ನಿನಗೂ ಗೊತ್ತಿತ್ತು. ನಾಳೆ ಪೇಪರಿನವರು ಬರ್ತಾರೆ, ಆಸ್ಪತ್ರೆ ಕಟ್ಟಡದ ವಿಷಯ ಮತ್ತೆ ಎತ್ತಬಹುದು. ನಾನೇನು ನನಗೋಸ್ಕರ ಮಾಡ್ತಿದೀನಾ?"

ಪೆಟ್ಟಿಗೆ ಇಳಿಯಿತು. ಹಗ್ಗಗಳನ್ನು ಎಳೆದುಕೊಂಡರು. ಟೀಚರ್ ಮಾತಾಡಲು ಒಪ್ಪಲಿಲ್ಲ, ಮೆಂಬರೇ ಮಾತಾಡಿದ. ಅವನ ಮಾತಿನಲ್ಲಿ ಆಸ್ಪತ್ರೆ, ಆಕಾಶ, ಜನರ ಬೆವರಿನ ಹಣ ಎಲ್ಲವೂ ಬಂದವು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಗ್ರೀಸ್ ಎರಡು ಹಿಡಿ ಹಾಕಿದ. ಸಲಿಕೆಯವರು ಗುಂಡಿ ಮುಚ್ಚಿ, ತುಳಿದು, ಪಕ್ಕಕ್ಕೆ ಹೋಗಿ ನೀರು ಕುಡಿದರು.

ಮಗಳು ಕಲ್ಲಿನ ಮೇಲಿನ ಗೋಣಿಯನ್ನು ತೆಗೆದಳು. ಅಕ್ಷರಗಳು ಆಳವಾಗಿ, ಅಚ್ಚುಕಟ್ಟಾಗಿ ಕೂತಿದ್ದವು. ಒಡೆದು ಹಾಕಿ ಎಂದು ಹೇಳಲು ಅವಳು ತಿರುಗಿದಾಗ, ಹಿಂದೆ ಒಬ್ಬ ಮುದುಕಿ ನಿಂತಿದ್ದಳು. ಕಣ್ಣಿನಲ್ಲಿ ಪೊರೆ. ಕೈಯಲ್ಲಿ ಕೋಲು. ಜೊತೆಗೆ ಯಾರೂ ಇರಲಿಲ್ಲ. ಅವಳು ಯಾರೆಂದು ಮಗಳಿಗೆ ಯಾರೂ ಹೇಳಬೇಕಾಗಲಿಲ್ಲ. ಅಮ್ಮ ಎರಡು ಹೆಜ್ಜೆ ಹಿಂದೆ ಸರಿದದ್ದು ಕಾಣಿಸಿತು.

"ನೀನು ಅವರ ಮಗಳಾ?"

"ಹೌದಜ್ಜಿ."

"ಕಲ್ಲಿನ ಮೇಲೆ ಏನೋ ಬರೆಸಿದಾರಂತೆ. ನನಗೆ ಕಾಣಲ್ಲ. ಓದಮ್ಮ."

ಮಗಳು ಓದಲಿಲ್ಲ. ಮುದುಕಿ ಕಾದಳು. ಆಮೇಲೆ ಕೋಲನ್ನು ಮಗಳ ಕೈಗೆ ಕೊಟ್ಟು, ಕಷ್ಟಪಟ್ಟು ಮಂಡಿಯೂರಿ, ಬೆರಳಿನಿಂದ ಅಕ್ಷರಗಳನ್ನು ಮುಟ್ಟತೊಡಗಿದಳು. ಮೊದಲ ಸಾಲಿನ ಮೇಲೆ ಬೆರಳು ಹಿಂದೆ ಮುಂದೆ ಹೋಯಿತು.

"ಓದು ತಾಯಿ."

"ನನ್ನ ದುಡ್ಡಾಗಿದ್ದರೆ," ಎಂದು ಓದಿದಳು ಮಗಳು, "ಮಾಡಿಸುತ್ತಿರಲಿಲ್ಲ."

"ಹಾಂ, ಅದೇ," ಎಂದಳು ಮುದುಕಿ. "ನನ್ನ ಮಗನಿಗೆ ಒಂದು ಕಲ್ಲು ಹಾಕಿಸೋಕೂ ಆಗಲಿಲ್ಲ ನನಗೆ. ಇದೇ ಅವನ ಕಲ್ಲು ಅಂದ್ಕೋತೀನಿ."

ಅವಳನ್ನು ಎಬ್ಬಿಸಿ ನಿಲ್ಲಿಸಿದ ಮೇಲೂ ಅವಳು ಮಗಳ ಕೈ ಬಿಡಲಿಲ್ಲ. ಆ ಕೈ ಒಣಗಿತ್ತು, ಹಗುರವಾಗಿತ್ತು.

ಕಲ್ಲಿನವನು ಗುಂಡಿಯ ತಲೆಯ ಕಡೆ ಹೋಗಿ ಕಾಲಿನಿಂದ ಮಣ್ಣನ್ನು ಒತ್ತಿ ನೋಡಿದ. ಬಗ್ಗಿ ಒಂದು ಹಿಡಿ ತೆಗೆದು ಹಿಸುಕಿದ. ಎದ್ದು ಬಂದು ಎಲ್ಲರ ಮುಖ ನೋಡಿ, ಯಾರನ್ನು ಕೇಳಬೇಕೆಂದು ತಿಳಿಯದೆ ಮಗಳ ಮುಂದೆ ನಿಂತ.

"ಹಸಿ ಮಣ್ಣಮ್ಮ. ಈಗಲೇ ನಿಲ್ಲಿಸಿದ್ರೆ ಕುಸಿದು ಕಲ್ಲು ವಾಲುತ್ತೆ. ನಮ್ಮನೇದಾಗಿದ್ರೆ ನಾನು ಈಗ ನಿಲ್ಲಿಸ್ತಿರಲಿಲ್ಲ."

ಸೊಂಟದಿಂದ ಬಟ್ಟೆ ಎಳೆದು ಎರಡೂ ಕೈ ಒರೆಸಿಕೊಂಡ. ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಗ್ರೀಸ್ ತಲೆ ಎತ್ತಿದ. ಅಮ್ಮ ಗೇಟಿನ ಕಡೆ ಮುಖ ತಿರುಗಿಸಿದಳು. ಮೆಂಬರು ಕೈಗಡಿಯಾರ ನೋಡಿಕೊಂಡ. ಮುದುಕಿ, ಪೊರೆಗಣ್ಣನ್ನು ಕಲ್ಲಿದ್ದ ದಿಕ್ಕಿಗೆ ಇಟ್ಟು, ಮಗಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಪರವಾಗಿಲ್ಲ," ಎಂದಳು ಮಗಳು. "ಮಾಡಿ."

ಕಲ್ಲಿನವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಸಾಮಾನಿನ ಚೀಲ ಬಿಚ್ಚಿದ. ಗ್ರೀಸ್, ಯಾರೂ ಕರೆಯದೆ ಹೋಗಿ, ಕಲ್ಲಿನ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಅದನ್ನು ನೆಟ್ಟಗೆ ಎತ್ತಿ ನಿಲ್ಲಿಸಿದರು. ಕಲ್ಲಿನವನು ದಾರಕ್ಕೆ ಕಟ್ಟಿದ ತೂಗುಗುಂಡು ಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಸುತ್ತ ಹುಡುಕಿ, ಬೇಲಿಯ ಹತ್ತಿರ ಬಿದ್ದಿದ್ದ ಒಂದು ಮುರಿದ ಹಲಗೆ ತಂದು, ಅಕ್ಷರ ಕಾಣದ ಕಡೆಯಿಂದ ಕಲ್ಲಿನ ಬೆನ್ನಿಗೆ ಆನಿಸಿದ.